ಹೂವಿನ ಗಾಡಿಯ ಎಡಗಡೆ ಸೀಟು

ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಾಣುತ್ತದೆ. ಬೆಳಕು ಕಾಣುತ್ತದೆ, ನೆರಳು ಕಾಣುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವುದು ಕಾಣುತ್ತದೆ. ಯಾರು ಎನ್ನುವುದಷ್ಟೇ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣನ್ನು ತಿಂದುಹಾಕಿತು. ಹರೆಯದಿಂದ ಲಾರಿ ಓಡಿಸಿದವರು, ಆಮೇಲೆ ಯಾರೋ ಓಡಿಸಿ ಬಿಟ್ಟ ಪಿಕಪ್ ಕೊಂಡು ಅದರಲ್ಲೇ ಸಂಸಾರ ಎಳೆದವರು, ಒಂದು ದಿನ ಹಗರಿಬೊಮ್ಮನಹಳ್ಳಿಯ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸುವಾಗ ಪಕ್ಕದ ಮನೆಯ ಕಟ್ಟೆಗೆ ಗುದ್ದಿ ಕೀಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ನೀರು ಕೇಳಲಿಲ್ಲ, ಚಹಾ ಕೇಳಲಿಲ್ಲ. ಕೀಲಿ ನನ್ನ ಮುಂದೆ ಇಟ್ಟರು.

ನನಗೆ ಗಾಡಿ ಓಡಿಸುವುದು ಅವರೇ ಕಲಿಸಿದ್ದರು, ಹೊಲದ ದಾರಿಯಲ್ಲಿ, ತಮಾಷೆಗೆಂದು. ಆಮೇಲೆ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದೆ. ಅದು ಒಂದು ದಿನ ಹೊಟ್ಟೆಪಾಡಾಗುತ್ತದೆ ಎಂದು ಯಾರು ಕಂಡಿದ್ದರು?

"ಕಣ್ಣು ಹೋದ್ರ ಹೋತು, ಕಿವಿ ಐತಿ," ಅಂದರು. "ನೀನು ಸ್ಟೇರಿಂಗ್ ಹಿಡಿ. ನಾನು ಎಡಕ್ಕ ಕುಂತು ಗಾಡಿ ಹೆಂಗ ಐತಿ ಅಂತ ಕೇಳ್ಕಂತ ಬರ್ತೀನಿ. ಅದರ ಬ್ಯಾನಿ ಏನಂತ ನನಗ ತಿಳಿಲಿಲ್ಲ ಅಂದ್ರ ಅವತ್ತ ಇಳಿದುಬಿಡ್ತೀನಿ. ಸುಮ್ಮಕ ಹೊತ್ಕಂಡು ತಿರುಗಾಕ ನಾನೇನು ಮೂಟಿ ಅಲ್ಲ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಈ ಮನುಷ್ಯ ಹಾಗಲ್ಲ. ಬೀಡಿ ಬಿಡುತ್ತೇನೆ ಎಂದು ಒಂದು ಮಧ್ಯಾಹ್ನ ಅಂದರು, ಆವತ್ತಿನಿಂದ ಬೀಡಿ ಮುಟ್ಟಲಿಲ್ಲ. ತಮ್ಮನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು, ಆ ತಮ್ಮನ ಮಗಳ ಮದುವೆಗೂ ಹಂದರದ ಹೊರಗೇ ಅಕ್ಷತೆ ಹಾಕಿ ಬಂದರು. ಹೀಗಾಗಿ ಆ ಪಿಕಪ್ಪಿನಲ್ಲಿ ಒಂದು ಸಣ್ಣ ಸದ್ದು ಬಂದರೂ ನಾನು ಗಾಡಿ ನಿಧಾನ ಮಾಡಿ ಅವರ ಮುಖ ನೋಡುತ್ತಿದ್ದೆ. ಅವರು ತಲೆ ಓರೆ ಮಾಡಿ ಕೇಳಿ, "ಬೆಲ್ಟ್ ಸಡ್ಲಾಗೈತಿ," ಎಂದೋ "ಹಿಂದಿನ ಎಡಗಡಿ ಬೇರಿಂಗ್," ಎಂದೋ ಅಂದಮೇಲೆಯೇ ನನಗೆ ಉಸಿರು ಬರುತ್ತಿತ್ತು. ಅವರು ಅಂದದ್ದು ಸುಳ್ಳಾಗುತ್ತಿರಲಿಲ್ಲ.

ನಮ್ಮದು ಹೂವಿನ ಬಾಡಿಗೆ. ನಸುಕಿನಲ್ಲೇ ಹಡಗಲಿ ಕಡೆಯ ತೋಟಗಳಿಗೆ ಹೋಗಿ ಮಲ್ಲಿಗೆ ಮೊಗ್ಗಿನ ಬುಟ್ಟಿಗಳನ್ನು ಏರಿಸಿಕೊಂಡು ಹರಪನಹಳ್ಳಿಯ ವ್ಯಾಪಾರಿಗಳಿಗೆ ಮುಟ್ಟಿಸಬೇಕು. ಬಿಸಿಲು ಬಲಿಯುವುದರೊಳಗೆ ಮುಟ್ಟಿದರೆ ಮಲ್ಲಿಗೆ. ಬುಟ್ಟಿಯೊಳಗೆ ಬೆಂದು ಕೆಂಪಗಾದರೆ ಅದನ್ನು ಯಾರೂ ಮೂಸುವುದಿಲ್ಲ.

ಆವತ್ತು ಬೇಸಿಗೆಯ ಒಂದು ಬೆಳಿಗ್ಗೆ, ಕೊನೆಯ ತೋಟ. ಬುಟ್ಟಿ ಏರಿಸುವಾಗ ಎಂಜಿನ್ ಬಂದ್ ಮಾಡಬೇಕು, ಹೊಗೆ ಮೊಗ್ಗಿಗೆ ತಾಗಬಾರದು ಎಂದು ತೋಟದ ಯಜಮಾನನ ತಾಕೀತು. ಬಂದ್ ಮಾಡಿದ್ದೆ. ಬುಟ್ಟಿಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಗ್ಗ ಬಿಗಿದು, ಸೀಟಿಗೆ ಹತ್ತಿ ಕೀಲಿ ತಿರುಗಿಸಿದೆ. ಕುರ್ ಕುರ್ ಕುರ್ ಎಂದು ಸೆಲ್ಫ್ ತಿರುಗಿತು. ಎಂಜಿನ್ ಹಿಡಿಯಲಿಲ್ಲ.

ಇನ್ನೊಮ್ಮೆ ಹೊಡೆದೆ. ಮತ್ತೊಮ್ಮೆ ಹೊಡೆದೆ.

"ತಡಿಲೇ, ಬ್ಯಾಟ್ರಿ ಸಾಯಿಸ್ತೀ," ಅಂದರು ಪಕ್ಕದಿಂದ. "ಸೆಲ್ಫ್ ಗಟ್ಟಿ ತಿರುಗಾಕತ್ತೈತಿ. ಬ್ಯಾಟ್ರಿದು ಏನಿಲ್ಲ. ಡೀಸೆಲ್ ಬರವಲ್ದು."

ಇಳಿದರು. ಗಾಡಿಯ ಮೈ ಸವರಿಕೊಂಡು ಹಿಂದಕ್ಕೆ ಹೋಗಿ, ಸೈಲೆನ್ಸರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಹೊಡಿ," ಎಂದು ಕೂಗಿದರು. ಹೊಡೆದೆ. ಅವರು ಮೂಗು ಎಳೆದುಕೊಂಡದ್ದು ನನಗೆ ಕನ್ನಡಿಯಲ್ಲಿ ಕಂಡಿತು.

"ಹೊಗಿ ಇಲ್ಲ. ಹಸಿ ಡೀಸೆಲ್ ವಾಸನಿನೂ ಇಲ್ಲ. ಒಂದು ಹನಿನೂ ಒಳಗ ಹೋಗವಲ್ದು ನೋಡು."

ನನಗೆ ಜೀವ ಬಂತು. ಹೇಳಿಬಿಟ್ಟರಲ್ಲ, ಇನ್ನೇನು ಅರ್ಧ ಗೆದ್ದಂತೆ! ಬಾನೆಟ್ ಎತ್ತಿದೆ. ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಕೈಯಿಂದ ಒತ್ತುವ ಒಂದು ಗುಂಡಿ ಇರುತ್ತದೆ. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿ ಸೇರಿದ್ದರೆ ಅದು ಮೆತ್ತಗೆ ಒಳಗೆ ಹೋಗುತ್ತದೆ, ಡೀಸೆಲ್ ತುಂಬಿದ್ದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಅವರು ಅದನ್ನು ಕೈಯಾಡಿಸಿ ಹುಡುಕಿ ಒತ್ತಿದರು. ಗಟ್ಟಿ ಇತ್ತು. ಪಕ್ಕದ ಸ್ಕ್ರೂ ಸಡಿಲ ಮಾಡಿ ಅಂಗೈಗೆ ಡೀಸೆಲ್ ಬಿಟ್ಟುಕೊಂಡರು. ಗುಳ್ಳೆಯ ಸದ್ದಿಲ್ಲ. ಬೆರಳುಗಳ ನಡುವೆ ತಿಕ್ಕಿ ನೋಡಿದರು, ನಾಲಿಗೆ ತುದಿಗೂ ಮುಟ್ಟಿಸಿಕೊಂಡು ಥೂ ಎಂದು ಉಗುಳಿದರು.

"ನೀರಿಲ್ಲ, ಗಾಳಿ ಇಲ್ಲ. ಚಲೋ ಡೀಸೆಲ್ಲು," ಎಂದರು. ದನಿಯಲ್ಲಿ ಖುಷಿ ಇರಲಿಲ್ಲ. ಡೀಸೆಲ್ ಇಲ್ಲಿಯವರೆಗೆ ಚೆನ್ನಾಗಿಯೇ ಬಂದು ಮುಂದೆ ಯಾಕೆ ಹೋಗುತ್ತಿಲ್ಲ ಎನ್ನುವುದೇ ಅವರಿಗೆ ಹೊಳೆಯುತ್ತಿರಲಿಲ್ಲ.

ಫ್ಯೂಸ್ ಡಬ್ಬಿ ತೆಗೆಸಿದರು. ನಾನು ಒಂದೊಂದೇ ಕಿತ್ತು ಬೆಳಕಿಗೆ ಹಿಡಿದು ನೋಡಿದೆ, ಯಾವುದೂ ಸುಟ್ಟಿರಲಿಲ್ಲ. ಹಾರ್ನಿಗೆ ಕರೆಂಟು ಬಿಡುವ ರಿಲೇ ತೆಗೆದು ಎಂಜಿನ್ನಿನದರ ಜಾಗಕ್ಕೆ ಹಾಕು, ಅದರದು ಇದಕ್ಕೆ ಹಾಕು ಎಂದರು. ಹಾಕಿದೆ. ಎಂಜಿನ್ನಿನ ರಿಲೇಯಲ್ಲಿ ಹಾರ್ನು ತೋಟದ ನಾಯಿಗಳೆಲ್ಲ ಬೊಗಳುವ ಹಾಗೆ ಕೂಗಿತು. ರಿಲೇಯೂ ಕೆಟ್ಟಿಲ್ಲ ಎಂದಾಯಿತು. ಎಂಜಿನ್ ಮಾತ್ರ ಹಾಗೇ ಕುರ್ ಕುರ್ ಎಂದು ತಿರುಗಿ ಸುಮ್ಮನಾಯಿತು.

"ರೀ, ಸೆಲ್ಫ್ ಹೊಡಿಯೋ ಮುಂದ ಈ ಆರ್‌ಪಿಎಂ ಮುಳ್ಳು ಅಲುಗವಲ್ದು ನೋಡ್ರಿ," ಎಂದೆ. ದಿನವೂ ಕೀಲಿ ತಿರುಗಿಸುವವಳು ನಾನು. ಆ ಮುಳ್ಳು ಒಂದಿಷ್ಟು ನಡುಗಿ ಆಮೇಲೆ ಏಳುವುದು ನನ್ನ ಕಣ್ಣಿಗೆ ರೂಢಿಯಾಗಿತ್ತು.

"ಮುಳ್ಳು ನೋಡಿ ಗಾಡಿ ರಿಪೇರಿ ಮಾಡ್ತಾರೇನ್ಲೇ? ಸುಮ್ಮಕಿರು ಸ್ವಲ್ಪ!"

ಸುಮ್ಮನಿರುವ ಹೆಂಗಸಲ್ಲ ನಾನು. ಆದರೂ ಬಾಯಿ ಬಿಗಿ ಹಿಡಿದೆ. ಯಾಕೆಂದರೆ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈ ಎಂಜಿನ್ನಿನ ಮೇಲೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಓಡಾಡುತ್ತಿತ್ತು, ಯಾವುದನ್ನೂ ಹಿಡಿಯುತ್ತಿರಲಿಲ್ಲ. ಅಯ್ಯೋ ಶಿವನೇ, ಇವರಿಗೆ ತಿಳಿಯುತ್ತಿಲ್ಲ ಎಂದು ನನಗೆ ಆಗಲೇ ಗೊತ್ತಾಗಿಹೋಯಿತು. ಮೊಗ್ಗು ಬಾಡುವುದಕ್ಕಿಂತ ಆ ಹೆದರಿಕೆಯೇ ನನ್ನನ್ನು ಸುಡತೊಡಗಿತು. ಕಾಲು ಒಂದು ಕಡೆ ನಿಲ್ಲದೆ ಗಾಡಿಯ ಸುತ್ತ ತಿರುಗಿದೆ, ಗೋಣಿಚೀಲ ಎತ್ತಿ ಮೊಗ್ಗು ಮುಟ್ಟಿ ನೋಡಿದೆ, ನೀರು ಚಿಮುಕಿಸಿದೆ, ಮತ್ತೆ ಬಂದೆ.

ಅವರ ಕೈಯಲ್ಲಿ ಪಾನಾ ಇತ್ತು. ಹಳೆಯ ಲಾರಿಗಳಲ್ಲಿ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲ ಮಾಡಿ, ಸೆಲ್ಫ್ ಹೊಡೆಸಿ, ಡೀಸೆಲ್ ಚಿಮ್ಮುತ್ತದೆಯೇ ಎಂದು ನೋಡುತ್ತಿದ್ದರು. ಈ ಗಾಡಿಯಲ್ಲಿ ಅದನ್ನು ಮಾಡುವ ಹಾಗಿಲ್ಲ. ಆ ಪೈಪಿನಲ್ಲಿ ಡೀಸೆಲ್ಲಿನ ಒತ್ತಡ ಎಷ್ಟಿರುತ್ತದೆಂದರೆ ಚರ್ಮ ಸೀಳಿಕೊಂಡು ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಅವರೇ. ಈಗ ಅದೇ ನಟ್ಟನ್ನು ಬೆರಳಿನಿಂದ ಹುಡುಕುತ್ತಿದ್ದರು.

"ಕೈ ತಗೀರಿ!" ಎಂದು ಕಿರುಚಿದೆ. "ಕಣ್ಣು ಹೋಗಿದ್ದು ಸಾಲಲಿಲ್ಲೇನು, ಬೆರಳೂ ಕಳಕಬೇಕೇನು?"

ಪಾನಾ ಕೆಳಗೆ ಇಟ್ಟರು. ಅವರು ತಿರುಗಿ ಬೈಯದಿದ್ದರೆ ನನಗೆ ಇನ್ನೂ ಹೆದರಿಕೆ.

ಅಷ್ಟರಲ್ಲಿ ತೋಟದ ಯಜಮಾನ ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದ. "ಏನಮ್ಮಾ, ಬಿಸ್ಲು ಏರಾಕತ್ತೈತಿ. ಹಡಗಲಿಯಿಂದ ಬ್ಯಾರೆ ಗಾಡಿ ಕರಸ್ಲೇನು?"

"ಕರಸ್ರಿ. ಅದು ಬರೋದ್ರೊಳಗ ನಿಮ್ಮ ಮಲ್ಲಿಗಿ ಕೆಂಪಗಾಗಿ ಕನಕಾಂಬರ ಆಗಿರ್ತೈತಿ," ಎಂದೆ. ಅವನು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ, ಬೇವಿನ ಮರದ ಕೆಳಗೆ ಹೋಗಿ ನಿಂತ.

ನಾನು ಫೋನು ತೆಗೆದು ನಮ್ಮೂರಿನ ಮೆಕ್ಯಾನಿಕ್ಕನಿಗೆ ಹಚ್ಚಿದೆ. ಸಾಬರ ಪೈಕಿಯವನು, ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ, ಈಗ ಅವನೇ ಅಜ್ಜನಾಗುವ ವಯಸ್ಸು. ನನ್ನನ್ನು ಅಕ್ಕ ಅನ್ನುತ್ತಾನೆ, ನನ್ನ ಗಂಡನನ್ನು ಉಸ್ತಾದ್ ಅನ್ನುತ್ತಾನೆ. ಕೈ ಎಣ್ಣೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದೆ. ಹಾಕಬಾರದಿತ್ತೋ ಏನೋ. ಆದದ್ದೆಲ್ಲ ಹೇಳಿದ ಮೇಲೆ ಅವನು ಕೇಳಿದ:

"ಅಕ್ಕಾ, ಸೆಲ್ಫ್ ಹೊಡಿಯೋ ಮುಂದ ಆರ್‌ಪಿಎಂ ಮುಳ್ಳು ಅಲುಗತೈತೇನು?"

"ಇಲ್ಲಪ್ಪಾ. ಸತ್ತಂಗ ಬಿದ್ದೈತಿ."

"ಹಂಗಾದ್ರ ಕ್ರ್ಯಾಂಕ್ ಸೆನ್ಸರ್‌ದು. ಎಂಜಿನ್ ತಿರುಗಾಕತ್ತೈತಿ ಅಂತ ಅದು ಗಾಡಿ ಕಂಪ್ಯೂಟರಿಗೆ ಹೇಳಬೇಕು. ಅದು ಹೇಳಲಿಲ್ಲಂದ್ರ ಕಂಪ್ಯೂಟರು ಡೀಸೆಲ್ ಬಿಡಂಗಿಲ್ಲ. ಸೆನ್ಸರ್ ಹೋಗಿರ್ಬೇಕು, ಇಲ್ಲಾ ವೈರ್ ಹರಿದಿರ್ಬೇಕು. ಎಡಗಡಿ ಕೆಳಗಿಂದ ಮ್ಯಾಲ ಬರೋ ವೈರ್ ಹಿಡ್ಕಂಡು ನೋಡ್ಕಂತ ಹೋಗ್ರಿ."

ಫೋನಿಟ್ಟೆ. ಅವರು ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದರು.

"ಎಂಜಿನ್ ತಿರುಗೋದು ನನಗ ಕೇಳಾಕತ್ತೈತಿ. ಅದಕ್ಕ ಕೇಳವಲ್ದಂತೇನು?" ಎಂದರು. ಆಮೇಲೆ ಬದುವಿನ ಮೇಲೆ ಹೋಗಿ ಕೂತು, ನನಗಲ್ಲ, ನೆಲಕ್ಕೆ ಹೇಳಿದಂತೆ ಹೇಳಿದರು. "ನನಗ ತಿಳೀಲಿಲ್ಲ."

ಸಮಾಧಾನ ಹೇಳಲು ಹೊತ್ತಿರಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋನಿನ ಬೆಳಕು ಹಿಡಿದು, ಎಡಗಡೆ ಬ್ಯಾಟರಿಯ ಹಿಂದೆ ತಲೆ ತೂರಿಸಿದೆ. ದಿನಾ ನಾನು ಆಯಿಲು, ನೀರು ನೋಡುವುದು ಬಲಗಡೆಯಿಂದ. ಆ ಮೂಲೆಗೆ ಎಂದೂ ಬಗ್ಗಿದವಳಲ್ಲ.

ಅಲ್ಲಿ ಒಂದು ಗೊಂಚಲೇ ಇತ್ತು. ಒಣಗಿ ಕಪ್ಪಾದ ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲ ಚೂರು, ಒಂದರ ಮೇಲೊಂದು. ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಅಮವಾಸ್ಯೆಗೆ ಗಾಡಿ ತೊಳೆದು ದೃಷ್ಟಿಯಾಗದಿರಲಿ ಎಂದು ಇದನ್ನು ಮುಂದಿನ ಬಂಪರಿಗೆ ಕಟ್ಟುತ್ತಾರೆ. ಗಾಡಿಯ ಅಮವಾಸ್ಯೆ ಪೂಜೆ ನನ್ನ ಗಂಡನದೇ, ನಾನು ಅಡುಗೆಮನೆಯಲ್ಲಿರುತ್ತೇನೆ. ಬಂಪರಿಗೆ ಕಟ್ಟಿದ್ದು ದಾರಿಯಲ್ಲಿ ಕಿತ್ತುಹೋಗುತ್ತದೆಂದು ಈಚೆಗೆ ಒಳಗೆ ಕಟ್ಟುತ್ತಿದ್ದೇನೆ ಎಂದಿದ್ದರು. ಎಲ್ಲಿ ಎಂದು ನಾನು ಕೇಳಿರಲಿಲ್ಲ. ಎಂಜಿನ್ ಕಾವಿಗೆ ದಾರ ಸುಡುತ್ತದೆಂದು ಕಬ್ಬಿಣದ ಸಣ್ಣ ತಂತಿಯಲ್ಲಿ ಕಟ್ಟಿದ್ದರು. ಹಳೆಯದನ್ನು ಕಿತ್ತೆಸೆಯಬಾರದು, ತಾನಾಗಿ ಬೀಳಬೇಕು ಎನ್ನುವುದು ಅವರ ನಂಬಿಕೆ, ಹಾಗಾಗಿ ಅಮವಾಸ್ಯೆಗೊಂದು ಕೂಡುತ್ತ ಬಂದಿತ್ತು. ಕೈಗೆ ಗಟ್ಟಿಯಾಗಿ ಸಿಕ್ಕದ್ದನ್ನು ಕಬ್ಬಿಣದ ಪಟ್ಟಿ ಎಂದುಕೊಂಡು ಕಟ್ಟಿದ್ದಾರೆ. ಅದು ಪಟ್ಟಿಯಲ್ಲ, ಸೆನ್ಸರಿನ ವೈರು. ಗಾಡಿ ಕುಲುಕಿದಾಗಲೆಲ್ಲ ತಂತಿ ವೈರಿನ ಚರ್ಮ ತಿಕ್ಕಿ ತಿಕ್ಕಿ, ಒಳಗಿನ ತಾಮ್ರ ಹರಿದು ಎರಡು ತುಂಡಾಗಿತ್ತು.

"ಏನ್ ಸಿಕ್ತು?" ಎಂದರು ಬದುವಿನಿಂದ.

ನನ್ನ ಬಾಯಿಗೆ ಬಂದದ್ದು ಸುಳ್ಳು. "ಇಲಿ ಕಡದೈತ್ರಿ! ಹಾಳಾದ ಇಲಿ, ವೈರ್ ಕಡದು ತುಂಡು ಮಾಡೈತಿ. ಇದು ಯಾರಿಗೆ ಗೊತ್ತಾಕ್ಕೈತಿ ಹೇಳ್ರಿ? ಇಲಿ ಕಡದ್ರ ಸದ್ದು ಬರ್ತೈತೇನು?"

ಎದ್ದು ಬಂದರು. ಅಡ್ಡ ನಿಂತೆ, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕೈ ಒಳಗೆ ಹೋಯಿತು, ಹುಡುಕಿತು, ನಿಂತಿತು. ಬೆರಳುಗಳು ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ನಿಧಾನ ಸರಿದವು.

"ಇಲಿ ಗಂಟು ಹಾಕತೈತೇನ್ಲೇ?" ಎಂದರು.

ಪಕ್ಕಡಿನಿಂದ ತಂತಿ ಕತ್ತರಿಸಲು ಹೋದೆ. "ಬ್ಯಾಡ. ಕಟ್ಟಿದಾವ ನಾನು, ಬಿಚ್ಚಾವನೂ ನಾನ," ಎಂದು ಒಂದೊಂದೇ ಬಿಚ್ಚಿದರು. ಬಿಚ್ಚಿದ್ದನ್ನು ಟವೆಲ್ಲಿನಲ್ಲಿ ಹಾಕಿಕೊಂಡರು. ಬಿಸಿಲು ನನ್ನ ಬೆನ್ನು ಸುಡುತ್ತಿತ್ತು, ಮೊಗ್ಗು ಬೇಯುತ್ತಿದ್ದವು. ಆದರೂ ಬೇಗ ಅನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಾನು ವೈರಿನ ತುದಿಗಳನ್ನು ಹಲ್ಲಿನಿಂದ ಸುಲಿದು, ತಾಮ್ರಕ್ಕೆ ತಾಮ್ರ ಹೊಸೆದು, ಟೇಪು ಸುತ್ತಿದೆ. ಸೀಟಿಗೆ ಹಾರಿ ಕೀಲಿ ತಿರುಗಿಸಿದೆ. ಮುಳ್ಳು ನಡುಗಿತು. ಗರ್ರ್ ಎಂದು ಎಂಜಿನ್ ಹಿಡಿದುಬಿಟ್ಟಿತು. ಬೇವಿನ ಮರದ ಕೆಳಗೆ ಯಜಮಾನ, "ಹಾಂ, ಹೊಂಡ್ರಿ ಹೊಂಡ್ರಿ!" ಎಂದು ಕೈ ಬೀಸಿದ.

ನನ್ನ ಗಂಡ ಬಾನೆಟ್ ಮುಚ್ಚಿದರು. ಎಡಗಡೆ ಬಾಗಿಲಿಗೆ ಬರಲಿಲ್ಲ. ನನ್ನ ಕಿಟಕಿಯ ಹತ್ತಿರ ಬಂದರು.

"ನೀನು ಹೋಗು. ಹೂವು ಮುಟ್ಸು. ನಾನು ಬಸ್ಸಿಗೆ ಮನಿಗೆ ಹೋಗ್ತೀನಿ."

"ಯಾಕ?"

"ಯಾಕಂದ್ರ? ಮಾತು ಅಂದ್ರ ಮಾತು. ಬ್ಯಾನಿ ತಿಳೀಲಿಲ್ಲ ನನಗ. ಅಷ್ಟ ಅಲ್ಲ, ಬ್ಯಾನಿ ಹಚ್ಚಿದಾವನೂ ನಾನ. ನಾಳಿಂದ ನೀನೊಬ್ಬಾಕಿನ ಹೋಗಿ ಬಾ. ಧೈರ್ಯಸ್ಥಿ ಅದೀ, ನಿನಗೇನಾಗೈತಿ?"

ಊರೆಲ್ಲ ಅನ್ನುವ ಮಾತು ಇದು. ಗಂಡಸಿನಂಥ ಹೆಂಗಸು, ಯಾರಿಗೂ ಅಂಜುವವಳಲ್ಲ, ಲಾರಿಯವರನ್ನೇ ಬೈದು ಸೈಡ್ ತಗೊಳ್ಳುತ್ತಾಳೆ ಎಂದು. ನಾನೂ ಅದನ್ನು ಕೇಳಿ ಕೇಳಿ ಸೆರಗು ಸಿಕ್ಕಿಸಿಕೊಂಡು ಓಡಾಡಿದವಳೇ. ಆವತ್ತು ಏನಾಯಿತೋ, ಎಂಜಿನ್ ಚಾಲೂ ಬಿಟ್ಟು ಕೆಳಗೆ ಹಾರಿದೆ. ಯಜಮಾನ ನೋಡುತ್ತಿದ್ದಾನೆ ಎನ್ನುವ ಪರಿವೆಯೂ ಉಳಿಯಲಿಲ್ಲ.

"ಗಾಡಿ ಸಲುವಾಗಿ ನಿಮ್ಮನ್ನ ಕರ್ಕಂಡು ತಿರುಗಾಕತ್ತೀನಿ ಅಂತ ತಿಳಕಂಡೀರಾ ಇಷ್ಟ ದಿನ?"

"ಮತ್ತ್ಯಾತಕ್ಕ?"

"ನನಗ ಅಂಜಿಕಿ ಆಕ್ಕೈತ್ರಿ!" ಎಂದುಬಿಟ್ಟೆ. "ಎದುರಿಗೆ ಟಿಪ್ಪರ್ ಬಂದ್ರ ಕೈ ನಡುಗ್ತಾವು. ಲೋಡಿನ ಟ್ರ್ಯಾಕ್ಟರ್ ದಾಟಬೇಕಂದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ನೀವು ಪಕ್ಕಕ್ಕ ಕುಂತು ಬೈತೀರಲ್ಲ, ಆ ಸಿಟ್ಟಿನ್ಯಾಗ ದಾಟಿಬಿಡ್ತೀನಿ. ಬೈಯೋರಿಲ್ಲಂದ್ರ ನನಗ ಗಾಡಿ ಓಡ್ಸಾಕ ಬರಂಗಿಲ್ಲ. ಬ್ಯಾನಿ ತಿಳದ್ರ ತಿಳೀಲಿ, ಬಿಟ್ರ ಬಿಡ್ಲಿ, ಅದಕ್ಕ ಮೆಕ್ಯಾನಿಕ್ ಅದಾನ. ನೀವು ಇಳದ್ರ ನಾನೂ ಇಳದೆ. ಹೂವು ಇಲ್ಲೇ ಕೊಳೀಲಿ!"

ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು. ಹೂವಿನ ಗೋಣಿಚೀಲದ ತುದಿಯಲ್ಲೇ ಮುಖ ಒರೆಸಿಕೊಂಡೆ. ಅವರು ನನ್ನ ದನಿ ಬಂದ ಕಡೆ ಮುಖ ಮಾಡಿದರು. ಆಮೇಲೆ ಗಾಡಿಯ ಮೂತಿ ಸವರಿಕೊಂಡು ಆ ಕಡೆಗೆ ಹೋದರು. ಎಡಗಡೆ ಬಾಗಿಲು ತೆರೆದ ಸದ್ದು ಕೇಳಿತು.

ಹರಪನಹಳ್ಳಿ ರಸ್ತೆಗೆ ಬಿದ್ದೆವು. ಮೇಲಿನ ಬುಟ್ಟಿಗಳು ಬಾಡಿರುತ್ತವೆ, ವ್ಯಾಪಾರಿ ಮುಖ ಗಂಟಿಕ್ಕುತ್ತಾನೆ, ಗೊತ್ತಿತ್ತು. ಕೆಳಗಿನವಾದರೂ ಉಳಿಯಲಿ ಎಂದು ಒತ್ತಿಕೊಂಡು ಹೊರಟೆ. ಒಂದೆರಡು ಊರು ದಾಟಿದ ಮೇಲೆ ಅವರು ಬಾಯಿ ತೆರೆದರು.

"ನಿನಗ ಇಷ್ಟು ಅಂಜಿಕಿ ಐತಿ ಅಂತ ಗೊತ್ತಿದ್ರ ನಾನು ಮೊದಲ್ನೇ ದಿನಾನ ಇಳಿತಿದ್ದೆ ಲೇ. ಜೀವ ಕೈಯಾಗ ಹಿಡ್ಕಂಡು ಕುಂತೀನಿ ಈಗ."

ಮುಂದೆ ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆ ತುಂಬ ಓಲಾಡುತ್ತ ಹೋಗುತ್ತಿತ್ತು. ಅದರ ಹಿಂದೆ ಸೇರಿಕೊಂಡು ನಿಧಾನ ಮಾಡಿದೆ. ಒಂದು ಸಲ ಹೊರಗೆ ಬಂದೆ, ಎದುರಿಗೆ ಏನೋ ಹೊಳೆದಂತಾಗಿ ಮತ್ತೆ ಒಳಗೆ ಸೇರಿದೆ. ಅವರು ತಲೆ ಓರೆ ಮಾಡಿ ಟ್ರ್ಯಾಕ್ಟರಿನ ಸದ್ದು ಕೇಳಿದರು, ನಾನು ಗೇರು ಇಳಿಸಿದ್ದು ಕೇಳಿದರು.

"ಬೈಲೇನು?" ಎಂದರು ಮೆಲ್ಲಗೆ.

"ಬೈರಿ," ಎಂದೆ.